ವಾಪಸು ದೋಣಿ ವಿಮಾನದ ಹಿಂದಿನ ದಿನವೇ ಇರಲಿ

ಪ್ರಶ್ನೆ: ಅಕ್ಕಾ, ಡಿಸೆಂಬರ್ ಕೊನೆಯಲ್ಲಿ ಅಂಡಮಾನ್‌ಗೆ ಹೊರಟಿದ್ದೇವೆ. ನಾನು, ಯಜಮಾನರು, 17 ವರ್ಷದ ಮಗ, 68ರ ಅತ್ತೆ. ಐದು ರಾತ್ರಿ. ಮೊದಲ ಎರಡು ಪೋರ್ಟ್ ಬ್ಲೇರ್, ಆಮೇಲೆ ಎರಡು ಹ್ಯಾವ್ಲಾಕ್ ದ್ವೀಪ, ಕೊನೆಯದು ನೀಲ್ ದ್ವೀಪ. ಆರನೆಯ ದಿನ ಬೆಳಗ್ಗೆ ನೀಲ್‌ನಿಂದ ಬೋಟು ಹಿಡಿದರೆ ಪೋರ್ಟ್ ಬ್ಲೇರ್‌ನಿಂದ ಮಧ್ಯಾಹ್ನದ ವಿಮಾನ ಸಿಗುತ್ತದೆ ಎನ್ನುತ್ತಾರೆ ಇವರು. ಅತ್ತೆಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಸಮುದ್ರದಲ್ಲಿ ಹೇಗೋ ಏನೋ.
– ಒಬ್ಬ ಓದುಗರು, ಮುಲುಂಡ್

ಉತ್ತರ: 2018ರ ನವೆಂಬರಿನಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಜೊತೆಗೆ ಅಮ್ಮ ಇದ್ದರು. ಕೊನೆಯ ದಿನ ಬೆಳಗ್ಗೆ ನೀಲ್ ಜೆಟ್ಟಿಗೆ ಬಂದರೆ ಗಾಳಿ ಜೋರು. ಬೋಟು ಬಿಡುವುದಿಲ್ಲ ಎಂದರು. ಅಮ್ಮ ಚೀಲವನ್ನು ತೊಡೆ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತೇ ಇದ್ದರು. ಅವರ ಬಿಪಿ ಮಾತ್ರೆಯನ್ನು ನಾನು ದಿನ ಎಣಿಸಿ ತಂದಿದ್ದೆ, ಆ ಬೆಳಗಿನದೇ ಕೊನೆಯದು. ವಿಮಾನ ತಪ್ಪಿದ್ದಕ್ಕಿಂತ ಆ ಖಾಲಿ ಪಟ್ಟಿ ನೋಡಿ ನನಗೆ ಹೆಚ್ಚು ಭಯವಾಯಿತು. ಮರುದಿನ ಬೋಟು ಸಿಕ್ಕಿತು. ಡೊಂಬಿವಲಿಯ ಮನೆ ಸೇರಲು ಹೊಸ ಟಿಕೆಟ್ ಕೊಳ್ಳಬೇಕಾಯಿತು.

ಮಳೆಗಾಲ ಬಂದರೆ ನಮ್ಮ ಮುಂಬೈಯ ಗೇಟ್‌ವೇಯಿಂದ ಅಲಿಬಾಗ್ ಕಡೆಯ ಮಾಂಡ್ವಾಗೆ ಹೋಗುವ ದೋಣಿಗಳು ನಿಲ್ಲುತ್ತವೆ, ಅಲ್ವಾ? ಅಂಡಮಾನ್‌ನಲ್ಲಿ ನಮ್ಮ ಮಳೆಗಾಲ ಮುಗಿದ ಮೇಲೂ ನವೆಂಬರ್, ಡಿಸೆಂಬರ್‌ನಲ್ಲಿ ಈಶಾನ್ಯ ಮಾರುತ ಇರುತ್ತದೆ. ಹಾಗಾಗಿ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಕಳೆಯಿರಿ. ಮೊದಲ ರಾತ್ರಿ ಪೋರ್ಟ್ ಬ್ಲೇರ್, ಎರಡು ರಾತ್ರಿ ಹ್ಯಾವ್ಲಾಕ್, ಒಂದು ನೀಲ್, ಮತ್ತೆ ಒಂದು ಪೋರ್ಟ್ ಬ್ಲೇರ್. ನಿಮ್ಮ ಐದು ರಾತ್ರಿಯೇ, ಸ್ವಲ್ಪ ಹಿಂದೆಮುಂದೆ ಅಷ್ಟೆ. ಹ್ಯಾವ್ಲಾಕ್‌ನಿಂದ ನೀಲ್‌ಗೆ ನೇರ ಬೋಟಿದೆ, ಸುಮಾರು ಒಂದು ಗಂಟೆಯ ದಾರಿ. ಸೆಲ್ಯುಲರ್ ಜೈಲನ್ನು ಮರಳಿ ಬಂದ ದಿನ ನಿಧಾನವಾಗಿ ನೋಡಬಹುದು.

ಟಿಕೆಟ್ ತೆಗೆಯುವಾಗ ಹೆಸರುಗಳಿಂದ ಗಲಿಬಿಲಿಯಾಗಬೇಡಿ. ನಾವು ಬಂದ ಮರುತಿಂಗಳೇ ಹ್ಯಾವ್ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್‌ಗೂ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. ವಿಮಾನದ ಟಿಕೆಟ್ ಆದ ಕೂಡಲೇ ಬೋಟಿನದು ತೆಗೆಯಿರಿ, ಹೋಟೆಲ್ ಆಮೇಲೆ. ವರ್ಷದ ಕೊನೆಯಲ್ಲಿ ಜನ ಜಾಸ್ತಿ, ಬೋಟಿನ ಸೀಟು ಸಿಗದಿದ್ದರೆ ಹೋಟೆಲ್ ಇದ್ದೂ ಪ್ರಯೋಜನವಿಲ್ಲ. ಚೆನ್ನೈ ಅಥವಾ ಕೋಲ್ಕತ್ತಾದಲ್ಲಿ ವಿಮಾನ ಬದಲಿಸುವುದಾದರೆ ಎರಡನ್ನೂ ಒಂದೇ ಟಿಕೆಟ್‌ನಲ್ಲಿ ತೆಗೆಯಿರಿ.

ಇನ್ನು ಅತ್ತೆಯ ವಿಷಯ. ಹೊರಡುವ ಒಂದು ತಿಂಗಳು ಮೊದಲು ಅವರನ್ನು ಒಂದು ಭಾನುವಾರ ಗೇಟ್‌ವೇಯಿಂದ ಮಾಂಡ್ವಾಗೆ ಬೋಟಿನಲ್ಲಿ ಕರೆದುಕೊಂಡು ಹೋಗಿ ಬನ್ನಿ. ಹೆಚ್ಚುಕಡಿಮೆ ಒಂದು ಗಂಟೆ. ಅಲ್ಲಿಯೇ ಗೊತ್ತಾಗುತ್ತದೆ. ಹ್ಯಾವ್ಲಾಕ್‌ಗೆ ಖಾಸಗಿ ಬೋಟಿನಲ್ಲಿ ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ಬೋಟಿನಲ್ಲಿ ಇನ್ನೂ ಜಾಸ್ತಿ. ವಾಂತಿಯ ಮಾತ್ರೆ ಯಾವುದೆಂದು ಅವರ ಡಾಕ್ಟರನ್ನೇ ಕೇಳಿ. ಅದನ್ನು ಬೋಟು ಹತ್ತುವ ಅರ್ಧ ಗಂಟೆ, ಒಂದು ಗಂಟೆ ಮೊದಲೇ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸೀಟು ಕೆಳಗಿನ ಅಂತಸ್ತಿನಲ್ಲಿ, ನಡುಭಾಗದಲ್ಲಿ ಕೇಳಿ ತೆಗೆಯಿರಿ, ಅಲ್ಲಿ ಅಲುಗಾಟ ಕಡಿಮೆ. ಮೊಬೈಲ್ ನೋಡಲು ಬಿಡಬೇಡಿ, ದೂರದಲ್ಲಿ ನೀರು ಆಕಾಶ ಸೇರುವ ಗೆರೆಯನ್ನೇ ನೋಡಲಿ. ಅಮ್ಮನಿಗೆ ನಾನು ಒಣ ಶುಂಠಿಯ ತುಂಡು ಬಾಯಲ್ಲಿಡಲು ಕೊಟ್ಟಿದ್ದೆ, ಅವರಿಗೆ ಹಿತವಾಯಿತು. ನಿಮ್ಮ ಅತ್ತೆಯ ಔಷಧಿ ಮಾತ್ರ ನಾಲ್ಕು ದಿನಕ್ಕಾಗುವಷ್ಟು ಹೆಚ್ಚಿಗೆ ಇರಲಿ, ಅದೂ ಕೈಚೀಲದಲ್ಲಿ.

ಮಗ ಸ್ಕೂಬಾ ಡೈವಿಂಗ್ ಮಾಡುತ್ತೇನೆ ಎಂದರೆ ಹ್ಯಾವ್ಲಾಕ್‌ನಲ್ಲೇ ಮುಗಿಸಲಿ. ನೀರಿನಾಳದಿಂದ ಬಂದ ಮೇಲೆ ಒಂದು ದಿನವಾದರೂ ವಿಮಾನ ಹತ್ತಬಾರದು. ರಕ್ತದಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು.

ಹ್ಯಾವ್ಲಾಕ್‌ನ ರಾಧಾನಗರ ಬೀಚಿಗೆ ಮೂರೂವರೆಗೆಲ್ಲ ತಲುಪಿರಿ. ನಮ್ಮಲ್ಲಿ ಆಗ ಆರರ ಸುಮಾರಿಗೆ ಸೂರ್ಯ ಮುಳುಗಿದರೆ ಅಲ್ಲಿ ಐದಕ್ಕೇ. ಗಡಿಯಾರ ಒಂದೇ ಆದರೂ ಊರು ಅಷ್ಟು ಪೂರ್ವಕ್ಕಿದೆ. ನೀಲ್‌ನ ಸಹಜ ಕಲ್ಲಿನ ಸೇತುವೆಗೆ ಅತ್ತೆಯನ್ನು ಕರೆದೊಯ್ಯಬೇಡಿ, ನೀರು ಇಳಿದಾಗ ಜಾರುವ ಬಂಡೆಗಳ ಮೇಲೆ ನಡೆಯಬೇಕು. ನೀವು ನೋಡಿ ಬರುವ ತನಕ ಅವರು ಎಳನೀರು ಕುಡಿಯುತ್ತ ನೆರಳಲ್ಲಿರಲಿ.

ಪ್ರಶ್ನೆ: ಲಕ್ಷದ್ವೀಪಕ್ಕೂ ಹೀಗೆಯೇ ಟಿಕೆಟ್ ತೆಗೆದು ಹೊರಡಬಹುದೇ?
– ಒಬ್ಬ ಓದುಗರು, ಪುಣೆ

ಉತ್ತರ: ಇಲ್ಲ. ಅಂಡಮಾನ್‌ನ ಈ ಮೂರು ಊರುಗಳಿಗೆ ನಮಗೆ ಪರವಾನಗಿ ಬೇಡ, ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪರವಾನಗಿ ಬೇಕು. ಅಲ್ಲಿ 36 ದ್ವೀಪಗಳಿದ್ದರೂ ಜನ ಇರುವುದು ಹತ್ತರಲ್ಲಿ. ಕೊಚ್ಚಿಯಿಂದ ಹಡಗಿನಲ್ಲಿ ಅಥವಾ ಅಗತ್ತಿ ದ್ವೀಪಕ್ಕೆ ವಿಮಾನದಲ್ಲಿ ಹೋಗಬೇಕು. ಮೊದಲು ಉಳಿಯುವ ಜಾಗ, ಆಮೇಲೆ ಪರವಾನಗಿ, ಅದು ಕೈಗೆ ಬಂದ ಮೇಲೆ ಪುಣೆಯಿಂದ ಕೊಚ್ಚಿಗೆ ಟಿಕೆಟ್ ತೆಗೆಯಿರಿ.