ಹೊಲಿಗೆ ಬಿಟ್ಟಿಲ್ಲ, ಬಟ್ಟೆನೇ ಸೋತಿರೋದು

ಹಳೇ ಬಟ್ಟೆ ಮರುಬಳಕೆ, ಮನೆ ಉಳಿತಾಯದ ಬಗ್ಗೆ ಈ ಸಲವೂ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಳೇವೇ. ಉತ್ತರ ಕೊಡದೆ ಬಿಟ್ರೆ ವಿಡಿಯೋ ಮಾಡೋರು ಹೇಳಿದ್ದೇ ನಿಜ ಅಂದ್ಕೊಂಡು ಬಿಡ್ತೀರಾ, ಅದಕ್ಕೇ ಕೂತು ಬರೀತಿದೀನಿ. ಅಳತೆ ತಗೊಳೋದು, ಮಿಷನ್‌ಗೆ ದಾರ ಪೋಣಿಸೋದು ಇವೆಲ್ಲ ಗೊತ್ತಿದೆ ಅಂತಾನೇ ಶುರು ಮಾಡ್ತೀನಿ.

ಪ್ರಶ್ನೆ: ಮೇಡಂ, ನಮ್ಮ ಯಜಮಾನ್ರ ಎರಡು ಹಳೇ ಶರ್ಟ್ ಸೇರಿಸಿ ಮಗಳಿಗೆ ಫ್ರಾಕ್ ಹೊಲಿದೆ. ಎರಡನೇ ಸಲ ಒಗೆದಾಗ ಕಂಕುಳ ಹತ್ರ ಹರೀತು. ಅದರ ಮೇಲೇ ಡಬಲ್ ಹೊಲಿಗೆ ಹಾಕಿದೆ, ಅದೂ ಪಕ್ಕದಲ್ಲೇ ಹರೀತು. ದಾರ ಸರಿ ಇಲ್ವಾ, ಮಿಷನ್ ಸರಿ ಇಲ್ವಾ?

ಉತ್ತರ: ಎರಡೂ ಸರಿ ಇದೆ. ಮೊದಲು ಹರಿದ ಜಾಗ ನೋಡಿ. ದಾರ ತುಂಡಾಗಿ ಎರಡು ಬಟ್ಟೆ ಬೇರೆ ಆಗಿದ್ರೆ ಅದು ದಾರದ್ದೋ ಟೆನ್ಷನ್‌ದೋ (ಮಿಷನ್ ದಾರನ ಎಳೆದು ಹಿಡಿಯೋ ಬಿಗಿ) ತಪ್ಪು. ಹೊಲಿಗೆ ಗಟ್ಟಿಯಾಗಿ ಹಾಗೇ ಕೂತಿದೆ, ಅದರ ಪಕ್ಕದಲ್ಲಿ ಗೆರೆ ಎಳೆದ ಹಾಗೆ ಬಟ್ಟೆ ಬಿಟ್ಟಿದೆ ಅಂದ್ರೆ ಬಟ್ಟೆಯಲ್ಲೇ ಜೀವ ಇಲ್ಲ. ನಿಮ್ಮದು ಎರಡನೇದು. ಜೀವ ಇಲ್ಲದ ಬಟ್ಟೆ ಮೇಲೆ ಡಬಲ್ ಹೊಲಿಗೆ ಹಾಕಿದ್ರಿ, ಅಂದ್ರೆ ಇನ್ನೊಂದು ಸಾಲು ತೂತು ಹೊಡೆದ್ರಿ ಅಷ್ಟೆ. ಬಿಲ್ ಬುಕ್ಕಿನ ಹಾಳೇಲಿ ಹರಿಯೋಕೆ ಅಂತ ಸಣ್ಣ ಸಣ್ಣ ತೂತು ಇರುತ್ತಲ್ಲ, ಅದೇ ಕೆಲಸ ನಿಮ್ಮ ಸೂಜಿ ಮಾಡಿದೆ.

ಹೋದ ತಿಂಗಳು ಒಬ್ಬ ಹುಡುಗಿ ಇದೇ ದೂರು ತಗೊಂಡು ಕ್ಲಾಸಿಗೆ ಬಂದ್ಲು. ಆ ಫ್ರಾಕನ್ನ ಕಿಟಕಿ ಬೆಳಕಿಗೆ ಹಿಡಿದೆ. ಕೆಳಗಿನ ಘೇರು ಒಂದೇ ಸಮ ಬಿಳಿ ಕಾಣ್ತಿತ್ತು, ಮೇಲೆ ಕಂಕುಳ ಹತ್ರ ಮಾತ್ರ ಜರಡಿ ಹಿಡಿದ ಹಾಗೆ ಬೆಳಕು ಬರ್ತಿತ್ತು. ಅವಳು ಶರ್ಟಿನ ಕಂಕುಳನ್ನೇ ಫ್ರಾಕಿನ ಕಂಕುಳಿಗೆ ಕೂರಿಸಿದ್ಲು, ಹೇಗೂ ಅಲ್ಲಿ ರೌಂಡ್ ಇದೆಯಲ್ಲ ಕತ್ತರಿಸೋ ಕೆಲಸ ಉಳೀತು ಅಂತ. ಹತ್ತು ವರ್ಷ ಬೆವರು ಕುಡಿದು, ಕೈ ಆಡಿಸಿದಾಗೆಲ್ಲ ಉಜ್ಜಿಸಿಕೊಂಡ ಜಾಗ ಅದು. ನೀವೂ ಅದನ್ನೇ ಮಾಡಿರ್ತೀರಾ ಅನ್ಸುತ್ತೆ.

ಬಟ್ಟೆ ಎಲ್ಲಾ ಕಡೆ ಒಂದೇ ಥರ ಸವೆಯಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಯಾರೂ ತಲೆಗೆ ಹಾಕ್ಕೊಳಲ್ಲ. ಶರ್ಟಲ್ಲಿ ಕಾಲರ್ ಮಡಿಕೆ, ಕಫ್ ಅಂಚು, ಮೊಣಕೈ, ಕಂಕುಳು ಇವು ಮೊದಲು ಹೋಗ್ತವೆ. ಭುಜದ ಪಟ್ಟಿ ಕೆಳಗಿರೋ ಬೆನ್ನಿನ ಅಗಲ ಭಾಗ, ಪ್ಯಾಂಟ್ ಒಳಗೆ ಸೇರಿಸ್ತಿದ್ದ ಕೆಳಗಿನ ಭಾಗ ಇವು ಸಾಮಾನ್ಯವಾಗಿ ಗಟ್ಟಿ ಇರ್ತವೆ. ಪ್ಯಾಂಟಲ್ಲಿ ತೊಡೆ ಒಳಭಾಗ, ಕೂರೋ ಜಾಗ, ಮಂಡಿ ಬಿಟ್ಟುಬಿಡಿ, ಮಂಡಿಯಿಂದ ಕೆಳಗೆ ತಗೊಳ್ಳಿ. ಬೆಡ್‌ಶೀಟಲ್ಲಿ ಮಲಗೋ ಮಧ್ಯ ಭಾಗ ಸವೆದಿರುತ್ತೆ, ಎರಡೂ ಪಕ್ಕ ಹೊಸದರ ಥರಾನೇ ಇರುತ್ತೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್‌ನಲ್ಲಿ 1941ರಿಂದ 1949ರವರೆಗೆ ಬಟ್ಟೆಗೂ ರೇಷನ್ ಇತ್ತು, ಕೂಪನ್ ಇಲ್ಲದೆ ಬಟ್ಟೆ ಸಿಗ್ತಿರಲಿಲ್ಲ. ಆಗ ಅಲ್ಲಿನ ಹೆಂಗಸರು ಬೆಡ್‌ಶೀಟನ್ನ ಉದ್ದಕ್ಕೆ ಮಧ್ಯಕ್ಕೆ ಸೀಳಿ, ಹೊರಗಿನ ಎರಡು ಅಂಚನ್ನ ಒಳಗೆ ತಂದು ಜೋಡಿಸಿ, ಸವೆದದ್ದನ್ನ ಪಕ್ಕಕ್ಕೆ ಕಳಿಸ್ತಿದ್ರು. ನಾನು ಇವತ್ತೂ ಹಾಗೇ ಮಾಡ್ತೀನಿ. ಮಧ್ಯದಲ್ಲಿ ಒಂದು ಜೋಡಣೆ ಬರುತ್ತೆ, ಅದನ್ನ ಮಡಚಿ ಚಪ್ಪಟೆಯಾಗಿ ಹೊಲಿದ್ರೆ ಬೆನ್ನಿಗೆ ಒತ್ತಲ್ಲ.

ಕತ್ತರಿ ಹಿಡಿಯೋ ಮುಂಚೆ ಎರಡು ಪರೀಕ್ಷೆ ಮಾಡ್ಲೇಬೇಕು. ಒಂದು, ಬೆಳಕಿಗೆ ಹಿಡಿಯೋದು. ಇನ್ನೊಂದು, ಎರಡು ಹೆಬ್ಬೆರಳು ಪಕ್ಕಪಕ್ಕ ಇಟ್ಟು ಬಟ್ಟೆನ ಗಟ್ಟಿಯಾಗಿ ಹಿಡಿದು ಪಟ್ ಅಂತ ಎಳೆಯೋದು, ಹಾಸಿನ (ಉದ್ದ ನೂಲಿನ) ಕಡೆಗೂ ಎಳೀಬೇಕು ಹೊಕ್ಕಿನ (ಅಡ್ಡ ನೂಲಿನ) ಕಡೆಗೂ ಎಳೀಬೇಕು, ಯಾಕಂದ್ರೆ ಒಂದು ಕಡೆ ನೂಲು ಗಟ್ಟಿಯಿದ್ದು ಇನ್ನೊಂದು ಕಡೆ ಸತ್ತಿರಬಹುದು. ಚರ್ ಅಂತ ಸಣ್ಣ ಸದ್ದು ಬಂದ್ರೂ ಆ ಭಾಗ ಒರೆಸೋ ಬಟ್ಟೆಗೆ. ಇಲ್ಲಿ ಆಸೆ ಪಡಬೇಡಿ, ನಾಲ್ಕು ದಿನದ ಕೆಲಸ ನೀರಲ್ಲಿ ಹೋಗುತ್ತೆ. ರೇಯಾನ್ ಆಗಿದ್ರೆ ಒದ್ದೆ ಮಾಡಿ ಎಳೀರಿ. ಹತ್ತಿ ಒದ್ದೆಯಾದ್ರೆ ಸ್ವಲ್ಪ ಗಟ್ಟಿ ಆಗುತ್ತೆ, ರೇಯಾನ್ ಒದ್ದೆಯಾದ್ರೆ ಸುಮಾರು ಅರ್ಧ ಶಕ್ತಿ ಕಳ್ಕೊಳುತ್ತೆ. ಒಣಗಿದಾಗ ಚೆನ್ನಾಗಿತ್ತು ಒಗೆದಾಗ ಹರೀತು ಅನ್ನೋ ದೂರುಗಳಲ್ಲಿ ಬಹಳಷ್ಟು ಇದೇ.

ಈಗ ನಿಮ್ಮ ಫ್ರಾಕ್. ಮೇಲಿನ ಭಾಗ ಬಿಚ್ಚಿ ತೆಗೀರಿ, ಘೇರು ಇಟ್ಕೊಳ್ಳಿ. ಎರಡನೇ ಶರ್ಟಿನ ಬೆನ್ನಲ್ಲಿ ಉಳಿದಿರೋದ್ರಲ್ಲಿ ಹೊಸ ಮೇಲ್ಭಾಗ ಕತ್ತರಿಸಿ, ಕಂಕುಳನ್ನ ಮೊದಲಿಗಿಂತ ಅರ್ಧ ಇಂಚು ಸಡಿಲ ಬಿಡಿ, ಒಳಗೆ ಲೈನಿಂಗ್ ಹಾಕಿ. ಎಳೆತವೆಲ್ಲ ಲೈನಿಂಗ್ ತಡ್ಕೊಳುತ್ತೆ. ಆದ್ರೆ ಹೊಸ ಲೈನಿಂಗ್ ಬಟ್ಟೆನ ಮೊದಲು ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಹಳೇ ಶರ್ಟ್ ಕುಗ್ಗೋದೆಲ್ಲ ಕುಗ್ಗಿ ಮುಗಿದಿದೆ, ಹೊಸ ಹತ್ತಿ ಇನ್ನೂ ಕುಗ್ಗಬೇಕು, ಎರಡನ್ನೂ ಹಾಗೇ ಜೋಡಿಸಿದ್ರೆ ಮೊದಲ ಒಗೆತಕ್ಕೇ ಮೇಲ್ಭಾಗ ಸುಕ್ಕು ಸುಕ್ಕಾಗಿ ನಿಲ್ಲುತ್ತೆ. ಹೊಲಿಗೆ ಉದ್ದ 3 ಮಿಲಿಮೀಟರ್‌ಗೆ ಇಡಿ, ಒತ್ತೊತ್ತಾಗಿ ಬೇಡ. ಸೂಜಿ 11 ನಂಬರಿನ ಹೊಸದು ಹಾಕಿ, ಮೊಂಡು ಸೂಜಿ ಹಳೇ ನೂಲನ್ನ ಸರಿಸಿ ಒಳಗೆ ಹೋಗಲ್ಲ, ನೂಲನ್ನೇ ಕಡಿದುಕೊಂಡು ಹೋಗುತ್ತೆ. ಇನ್ನೊಂದು, ಶರ್ಟಿನ ಗುಂಡಿ ಪಟ್ಟಿನ ಕತ್ತರಿಸಿ ಎಸೆದಿರ್ತೀರಾ, ಎಲ್ರೂ ಅದನ್ನೇ ಮಾಡೋದು. ಗುಂಡಿ, ಕಾಜ, ಮಡಿಕೆ ಎಲ್ಲಾ ರೆಡಿ ಇರೋ ಪಟ್ಟಿ ಅದು! ಫ್ರಾಕಿನ ಹಿಂಭಾಗಕ್ಕೆ ಹಾಗೇ ಕೂರುತ್ತೆ, ದಿಂಬಿನ ಕವರಿನ ಬಾಯಿಗೂ ಆಗುತ್ತೆ.

ಪ್ರಶ್ನೆ: ಬಣ್ಣ ಬಿಡೋ ಬಟ್ಟೆನ ಉಪ್ಪು, ವಿನೆಗರಲ್ಲಿ ನೆನೆಸಿದ್ರೆ ಬಣ್ಣ ನಿಲ್ಲುತ್ತೆ ಅಂತಾರೆ, ಎಷ್ಟು ಹೊತ್ತು ನೆನೆಸಬೇಕು?

ಉತ್ತರ: ನಿಲ್ಲಲ್ಲ. ಬಣ್ಣ ಹಾಕೋ ಹೊತ್ತಲ್ಲಿ ಉಪ್ಪಿಗೆ ಕೆಲಸ ಇದೆ, ಬಣ್ಣ ಹಾಕಿ ಅಂಗಡಿಗೆ ಬಂದ ಹತ್ತಿ ಬಟ್ಟೆಗೆ ನಿಮ್ಮ ಬಕೆಟ್ಟಿನ ಉಪ್ಪು ಏನೂ ಮಾಡಲ್ಲ. ತಣ್ಣೀರಲ್ಲಿ ಬೇರೆಯಾಗಿ ಒಗೀತಾ ಹೋಗಿ, ನೀರು ತಿಳಿ ಆಗೋವರೆಗೂ ಬಿಳಿ ಬಟ್ಟೆ ಜೊತೆ ಜೋಡಿಸಬೇಡಿ. ಮತ್ತೆ ದಯವಿಟ್ಟು ವಿನೆಗರನ್ನ ಬ್ಲೀಚ್ ಜೊತೆ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತೆ, ಬಾಗಿಲು ಮುಚ್ಚಿದ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಅಪಾಯ. ಇದನ್ನ ಕಲೆ ತೆಗೆಯೋ ಟಿಪ್ ಅಂತ ಹೇಳಿಕೊಡೋರ ಮೇಲೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಪ್ರಶ್ನೆ: ಹೊಲಿಗೆ ಇಲ್ದೆ ಐದೇ ನಿಮಿಷದಲ್ಲಿ ಬ್ಯಾಗ್ ಮಾಡಬಹುದಾ?

ಉತ್ತರ: ಟಿ-ಶರ್ಟಲ್ಲಿ ಮಾಡಬಹುದು, ಅದು ಹೆಣೆದ ಬಟ್ಟೆ, ಕತ್ತರಿಸಿದ ಅಂಚು ಬಿಚ್ಕೊಳಲ್ಲ. ಶರ್ಟ್, ಬೆಡ್‌ಶೀಟ್ ಥರ ನೇಯ್ದ ಬಟ್ಟೆಯಲ್ಲಿ ಆಗಲ್ಲ, ಅಂಚು ಎಳೆ ಎಳೆಯಾಗಿ ಬಿಚ್ಕೊಳುತ್ತೆ.

ಪ್ರಶ್ನೆ: ಶುರು ಮಾಡೋಕೆ ಏನೇನು ಸಾಮಾನು ತಗೋಬೇಕು ಅಕ್ಕಾ?

ಉತ್ತರ: ಸೂಜಿ, ಹೊಲಿಗೆ ಬಿಚ್ಚೋ ಕಟರ್. ಉಳಿತಾಯ ಮಾಡೋಕೆ ಅಂತ ಸಾಮಾನು ರಾಶಿ ಹಾಕ್ಬೇಡಿ.

ಪ್ರಶ್ನೆ: ಹಳೇ ಪಾಲಿಯೆಸ್ಟರ್ ಪ್ಯಾಂಟ್ ದಪ್ಪ ಇದೆ, ಮಸಿಬಟ್ಟೆ ಮಾಡಬಹುದಾ?

ಉತ್ತರ: ಬೇಡ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಗೆ ಕರಗುತ್ತೆ, ಒಲೆ ಉರಿ ಅದಕ್ಕಿಂತ ಎಷ್ಟೋ ಬಿಸಿ, ಅಂಚು ತಾಗಿದ್ರೆ ಕರಗಿ ಚರ್ಮಕ್ಕೆ ಅಂಟುತ್ತೆ. ನನ್ನ ಹೆಬ್ಬೆರಳಿಗೆ ಒಂದ್ಸಲ ಹಾಗೆ ಅಂಟಿ ಕಿತ್ತಾಗ ಚರ್ಮವೂ ಬಂತು, ಅವತ್ತಿಂದ ನಮ್ಮ ಅಡುಗೆಮನೆಗೆ ಹತ್ತಿ ಬಿಟ್ಟು ಬೇರೆ ಬಟ್ಟೆ ಬಂದಿಲ್ಲ. ಯಾವ ಬಟ್ಟೆ ಅಂತ ಅನುಮಾನ ಇದ್ರೆ ಒಂದೆರಡು ಎಳೆ ನೂಲು ಕಿತ್ತು ಚಿಮಟದಲ್ಲಿ ಹಿಡಿದು ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದ್ರೆ ಹತ್ತಿ ಥರದ್ದು, ಮುದುಡಿ ಗಟ್ಟಿ ಮಣಿ ಆದ್ರೆ ಪಾಲಿಯೆಸ್ಟರ್ ಥರದ್ದು. ಹತ್ತಿ ಆದ್ರೂ ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡೀಬೇಡಿ, ನೀರು ಹಬೆಯಾಗಿ ಕೈ ಸುಡುತ್ತೆ.

ಪ್ರಶ್ನೆ: ಕಾಳು ಬೇಗ ಬೇಯ್ಲಿ, ಗ್ಯಾಸ್ ಉಳೀಲಿ ಅಂತ ಸೋಡಾ ಹಾಕ್ತೀನಿ, ಸರಿನಾ?

ಉತ್ತರ: ಬೇಗ ಬೇಯುತ್ತೆ, ಬಿ1 ವಿಟಮಿನ್ ಹಾಳಾಗುತ್ತೆ. ರಾತ್ರಿ ನೆನೆ ಹಾಕಿ, ನೆನೆಯೋಕೆ ಗ್ಯಾಸೂ ಬೇಡ ಸೋಡಾನೂ ಬೇಡ.

ಪ್ರಶ್ನೆ: ರಾತ್ರಿ ಪೂರ್ತಿ ಹೊರಗೇ ಇಟ್ಟಿದ್ದ ಅನ್ನ ಬೆಳಗ್ಗೆ ಚೆನ್ನಾಗಿ ಬಿಸಿ ಮಾಡಿದ್ರೆ ತಿನ್ನಬಹುದಾ? ಎಸೆಯೋಕೆ ಮನಸ್ಸು ಬರಲ್ಲ.

ಉತ್ತರ: ಮನಸ್ಸು ನನಗೂ ಬರಲ್ಲ, ಆದ್ರೆ ಇದರಲ್ಲಿ ನಾನು ರಾಜಿ ಆಗಲ್ಲ. ಬೆಂದ ಅನ್ನದಲ್ಲೂ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಉಳಿದಿರುತ್ತೆ, ಹೊರಗಿಟ್ರೆ ಬೆಳೆದು ವಿಷ ಬಿಡುತ್ತೆ, ವಾಂತಿ ತರಿಸೋ ಆ ವಿಷ ಮತ್ತೆ ಕುದಿಸಿದ್ರೂ ಹೋಗಲ್ಲ. ವಾಸನೆ ನೋಡಿ ಸರಿ ಇದೆ ಅನ್ನೋದೂ ನಂಬೋ ಮಾತಲ್ಲ. ಉಳಿಯುತ್ತೆ ಅನಿಸಿದ ಅನ್ನವನ್ನ ಊಟ ಆದ ತಕ್ಷಣ ಅಗಲ ತಟ್ಟೇಲಿ ಹರಡಿ ಆರಿಸಿ, ಹೆಚ್ಚಂದ್ರೆ 2 ಗಂಟೆ ಒಳಗೆ ಫ್ರಿಜ್ಜಿಗೆ ಇಡಿ, ಮಾರನೇ ದಿನವೇ ಒಂದೇ ಸಲ ಬಿಸಿ ಮಾಡಿ ಮುಗಿಸಿ. ಮತ್ತೆ ಮತ್ತೆ ಉಳೀತಿದ್ರೆ ಅಳತೆಯಲ್ಲಿ ಅರ್ಧ ಲೋಟ ಅಕ್ಕಿ ಕಮ್ಮಿ ಹಾಕಿ.