‘ಡ್ರೂಲ್’ ಬರುವ ಮುಂಚೆ ಇಂಗ್ಲಿಷರು ಜೊಲ್ಲಿಗೆ ಏನನ್ನುತ್ತಿದ್ದರು?

ಜೊಲ್ಲು ಸುರಿಸುವುದಕ್ಕೆ ಹಳೇ ಇಂಗ್ಲಿಷ್ ಪದಗಳು ಯಾವುವು, ಎಲ್ಲಿಂದ ಬಂದವು ಅಂತ ಕೇಳಿದ್ದೀರಿ. ಪದಗಳಿಗೇನೂ ಬರ ಇರಲಿಲ್ಲ. ‘ಡ್ರೂಲ್’ ಕಾಣಿಸಿಕೊಂಡದ್ದೇ 1800ರ ಆಸುಪಾಸಿನಲ್ಲಿ. ಅದರ ಅಜ್ಜ ಅನ್ನಬಹುದಾದ ‘ಡ್ರಿವೆಲ್’ಗೆ ಸಾವಿರ ವರ್ಷ ವಯಸ್ಸು.

‘ಡ್ರಿವೆಲ್’ ಹುಟ್ಟಿದ್ದು ‘ಡ್ರೆಫ್ಲಿಯನ್’ ಎಂಬ ಪದದಿಂದ. ಬಾಯಿ, ಮೂಗು ಸೋರುವುದಕ್ಕೆ ಆಗ ಹಾಗನ್ನುತ್ತಿದ್ದರು. ಬೈಬಲಿನಲ್ಲಿ ದಾವೀದ ಗತ್ ಊರಿನ ಅರಸ ಆಕೀಷನಿಗೆ ಹೆದರಿ ಹುಚ್ಚನ ಹಾಗೆ ನಟಿಸುತ್ತಾನೆ. ಬಾಗಿಲು ಗೀಚುತ್ತಾನೆ, ಗಡ್ಡದ ತುಂಬ ಜೊಲ್ಲು ಇಳಿಬಿಡುತ್ತಾನೆ. 14ನೇ ಶತಮಾನದ ವಿಕ್ಲಿಫ್ ಅನುವಾದದಲ್ಲಿ ಆ ಜೊಲ್ಲಿಗೆ ಇರುವುದು ‘ಡ್ರಿವೆಲ್’ನ ಹಳೇ ರೂಪ. 1611ರ ಕಿಂಗ್ ಜೇಮ್ಸ್ ಅನುವಾದಕ್ಕೆ ಬರುವಷ್ಟರಲ್ಲಿ ಅದು ‘ಸ್ಪಿಟ್ಲ್’ ಆಗಿದೆ.

ದಾವೀದನ ನಾಟಕದಲ್ಲೇ ಈ ಪದದ ಮುಂದಿನ ಕಥೆಯೂ ಇದೆ. ಜೊಲ್ಲು ಸುರಿಸುವವನು ಎಳೆಮಗು, ಇಲ್ಲವೇ ತಲೆ ಕೆಟ್ಟವನು ಅಲ್ವಾ? ಹಾಗಾಗಿ ಅಂಥವನ ಮಾತಿಗೂ ಅದೇ ಹೆಸರು ಅಂಟಿಕೊಂಡಿತು. ಈಗ ‘ಡ್ರಿವೆಲ್’ ಅಂದರೆ ಹೆಚ್ಚಾಗಿ ತಲೆಬುಡವಿಲ್ಲದ ಮಾತು, ಅಷ್ಟೇ. ನಮ್ಮ ಜೊಲ್ಲು ಬೇರೆ ದಾರಿ ಹಿಡಿಯಿತು. ನಮ್ಮಲ್ಲಿ ‘ಜೊಲ್ಲು ಪಾರ್ಟಿ’ ಅಂದರೆ ಹುಡುಗಿಯರನ್ನು ಕಂಡರೆ ಬಾಯಿ ಬಿಡುವವನು, ದಡ್ಡನೇನಲ್ಲ.

‘ಸ್ಲ್ಯಾವರ್’ ಬಹುಶಃ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದದ್ದು. ಓದುವಾಗ ಹುಷಾರು, ಗುಲಾಮರ ವ್ಯಾಪಾರಿಗೆ ಹೇಳುವ ‘ಸ್ಲೇವರ್’ಗೂ ಅದೇ ಸ್ಪೆಲ್ಲಿಂಗ್! ‘ಸ್ಲಾಬರ್’, ‘ಸ್ಲ್ಯಾಬರ್’ ಎರಡೂ ಡಚ್ ಪದಗಳ ನೆಂಟರು. ‘ಡ್ರಿಬಲ್’ಗೆ ಮೂಲ ತೊಟ್ಟಿಕ್ಕುವ ‘ಡ್ರಿಪ್’. ಫುಟ್‌ಬಾಲ್‌ನವರ ಡ್ರಿಬಲ್ ಕೂಡ ಇದೇ, ಚೆಂಡನ್ನು ಚೂರುಚೂರೇ ತಳ್ಳುವುದು.

ನನಗೆ ಜಾಸ್ತಿ ಇಷ್ಟವಾದದ್ದು ‘ಸ್ಲ್ಯಾಬರಿಂಗ್ ಬಿಬ್’. ಮಗುವಿನ ಜೊಲ್ಲು ಬಟ್ಟೆಗೆ ಬೀಳದಿರಲಿ ಅಂತ ಕೊರಳಿಗೆ ಕಟ್ಟುವ ಬಟ್ಟೆ. ಆದರೆ 1785ರಲ್ಲಿ ಮೊದಲು ಅಚ್ಚಾದ ಫ್ರಾನ್ಸಿಸ್ ಗ್ರೋಸ್‌ನ ಬೀದಿಮಾತಿನ ನಿಘಂಟನ್ನು ತೆಗೆದರೆ ಅದಕ್ಕೆ ಬೇರೆಯೇ ಅರ್ಥ: ಪಾದ್ರಿ ಅಥವಾ ವಕೀಲರ ಕೊರಳಿನ ಬಿಳಿ ಪಟ್ಟಿ. ನಮ್ಮ ಕೋರ್ಟುಗಳಲ್ಲಿ ವಕೀಲರು ಇವತ್ತಿಗೂ ಕಟ್ಟಿಕೊಳ್ಳುತ್ತಾರಲ್ಲ, ಅದೇ. ವಕೀಲನಾದ ಗೆಳೆಯನೊಬ್ಬನಿಗೆ ಸುಮ್ನೆ ತಮಾಷೆಗೆ ಇದನ್ನು ಹೇಳಿದೆ. ಎರಡು ದಿನ ಫೋನ್ ಎತ್ತಲಿಲ್ಲ.