ಹೆಚ್ಚು ಅಶ್ವಶಕ್ತಿಯ ಎಂಜಿನ್ ಬೇಗ ಸವೆಯುತ್ತದೆಯೇ?

ಒಂದೇ ಗಾತ್ರದ ಎರಡು ಎಂಜಿನ್‌ಗಳಲ್ಲಿ ಹೆಚ್ಚು ಶಕ್ತಿ ಕೊಡುವುದು ಬೇಗ ಕೆಡುತ್ತದೆಯೇ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಕಡಿಮೆ ಶಕ್ತಿಯದ್ದನ್ನೇ ಆರಿಸಬೇಕೇ ಎಂದು ತಾವು ಕೇಳಿದ್ದೀರಿ. ತಯಾರಕರೇ ಆ ಶಕ್ತಿಗೆಂದು ಸಿದ್ಧಪಡಿಸಿದ ಎಂಜಿನ್ ಆಗಿದ್ದರೆ, ಆ ಅಂಕಿಯೊಂದನ್ನೇ ನೋಡಿ ಹಿಂಜರಿಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ರಸ್ತೆಗಳಲ್ಲಿ ಬಹಳಷ್ಟು ಓಡಿರುವ ಫಿಯಟ್ ಮೂಲದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನನ್ನೇ ನೋಡಿ. ಅದೇ 1248 ಸಿಸಿ ಎಂಜಿನ್ ಮಾರುತಿ ಸ್ವಿಫ್ಟ್‌ನಲ್ಲಿ ಸುಮಾರು 75 ಅಶ್ವಶಕ್ತಿಯನ್ನೂ ಎರ್ಟಿಗಾ ಮತ್ತು ಸಿಯಾಜ್‌ಗಳಲ್ಲಿ ಸುಮಾರು 90 ಅಶ್ವಶಕ್ತಿಯನ್ನೂ ಕೊಡುತ್ತಿತ್ತು. ಆದರೆ ಗರಿಷ್ಠ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಮಾತ್ರ 190 ನ್ಯೂಟನ್ ಮೀಟರ್‌ನಿಂದ 200ಕ್ಕೆ ಏರಿತ್ತು, ಅಷ್ಟೇ. ಪಿಸ್ಟನ್ ಮತ್ತು ಬೇರಿಂಗ್‌ಗಳ ಮೇಲೆ ಬೀಳುವ ಒತ್ತಡ ಎಷ್ಟೆಂಬುದನ್ನು ಹೆಚ್ಚುಕಡಿಮೆ ತಿಳಿಸುವುದು ಟಾರ್ಕ್. ಅಶ್ವಶಕ್ತಿ ಬೆಳೆಯುವುದು ಆ ಟಾರ್ಕನ್ನು ಹೆಚ್ಚಿನ ಆರ್‌ಪಿಎಂವರೆಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ಉಳಿಸಿಕೊಂಡಾಗ. 90ರ ಎಂಜಿನ್ನಿಗೆ ರೆಕ್ಕೆಗಳ ಕೋನ ಬದಲಾಗುವ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಮತ್ತು ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಇದ್ದುದರಿಂದ 4000 ಆರ್‌ಪಿಎಂನಲ್ಲಿಯೂ ಅದಕ್ಕೆ ಸಾಕಷ್ಟು ತಂಪಾದ ಗಾಳಿ ಸಿಗುತ್ತಿತ್ತು. ಇದಕ್ಕೆ ತೆರಬೇಕಾದ ಬೆಲೆಯೂ ಅಲ್ಲಿಯೇ ಇದೆ: ಅಂಥ ಟರ್ಬೊ ಮಸಿ ಕಟ್ಟಿಕೊಂಡು ಕೆಟ್ಟರೆ ಖರ್ಚು ಸಣ್ಣದಲ್ಲ.

ತಿರುಗುವ ವೇಗದ ಲೆಕ್ಕ ಬೇರೆ. ಪಿಸ್ಟನ್ ಮೇಲೆ ಕೆಳಗೆ ದಿಕ್ಕು ಬದಲಿಸುವಾಗ ಕನೆಕ್ಟಿಂಗ್ ರಾಡ್ ತಾಳಬೇಕಾದ ಜಡತ್ವದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಆರ್‌ಪಿಎಂ ಶೇಕಡಾ 20ರಷ್ಟು ಏರಿದರೆ ಆ ಬಲ ಶೇಕಡಾ 44ರಷ್ಟು ಏರುತ್ತದೆ. ಆದರೆ ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗುವ ಸಣ್ಣ ಕಾರಿಗೆ ಸುಮಾರು 15ರಿಂದ 20 ಅಶ್ವಶಕ್ತಿ ಸಾಕು. 75ರ ಕಾರಾಗಲಿ 90ರ ಕಾರಾಗಲಿ, ದಿನದ ಬಹುಪಾಲು ಸಮಯ ತನ್ನ ಮಿತಿಯಿಂದ ಬಹು ದೂರದಲ್ಲಿಯೇ ಓಡುತ್ತಿರುತ್ತದೆ.

ನಾನು ದೂರವಿಡುವುದು ರೀಮ್ಯಾಪ್ ಮಾಡಿಸಿದ ಕಾರನ್ನು. ಅಲ್ಲಿ ಸಾಫ್ಟ್‌ವೇರ್ ಬದಲಿಸಿ ಇಂಧನವನ್ನೂ ಟರ್ಬೊ ಒತ್ತಡವನ್ನೂ ಹೆಚ್ಚಿಸುತ್ತಾರೆಯೇ ಹೊರತು ಪಿಸ್ಟನ್, ಕ್ಲಚ್, ರೇಡಿಯೇಟರ್ ಎಲ್ಲವೂ ಹಳೆಯವೇ ಆಗಿರುತ್ತವೆ. ತಯಾರಕರು ಸುರಕ್ಷತೆಗೆಂದು ಉಳಿಸಿದ್ದ ಅಂತರವನ್ನೇ ಕರಗಿಸಿ ಶಕ್ತಿ ಪಡೆದಂತಾಗುತ್ತದೆ. ಇದರ ತುತ್ತತುದಿಯನ್ನು 1986ರ ಫಾರ್ಮುಲಾ ಒನ್‌ನಲ್ಲಿ ಕಾಣಬಹುದು: ಸಾಮಾನ್ಯ ಕಾರಿನ ಬ್ಲಾಕ್‌ನಿಂದಲೇ ರೂಪುಗೊಂಡಿದ್ದ ಬಿಎಂಡಬ್ಲ್ಯೂನ 1.5 ಲೀಟರ್ ಟರ್ಬೊ ಎಂಜಿನ್ ಅರ್ಹತಾ ಸುತ್ತಿನಲ್ಲಿ 1000ಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತಿತ್ತು, ಆದರೆ ಹಾಗೆ ಓಡಿದ ಎಂಜಿನ್ ಕೆಲವೇ ಸುತ್ತುಗಳಿಗೆ ಮುಗಿಯುತ್ತಿತ್ತು.

ಆದ್ದರಿಂದ ತಾವು 90ರ ಕಾರನ್ನು ಒಪ್ಪುವ ಮುನ್ನ ಆಯಿಲ್ ಬದಲಿಸಿದ ಬಿಲ್‌ಗಳನ್ನು ಕೇಳಿ, ಟರ್ಬೊವನ್ನು ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ, ರೀಮ್ಯಾಪ್ ಆಗಿದೆಯೇ ಎಂದು ಮಾಲೀಕರನ್ನು ನೇರವಾಗಿ ವಿಚಾರಿಸಿ.